ಬೇರೆ ರೈಫಲ್‌ನ ಬೋಲ್ಟ್: ಕೈಬದಲಾದ ಒಂದು .315ರ ಸವೆತ ಪರೀಕ್ಷೆ

ದಕ್ಷಿಣ ಕೊಡಗಿನ ಕಾಫಿ ಬೆಳೆಗಾರರೊಬ್ಬರು ಕಳೆದ ವರ್ಷ ಜುಲೈ ತಿಂಗಳ ಕೊನೆಯಲ್ಲಿ ಹಳೆಯ .315 ರೈಫಲ್ ಒಂದನ್ನು ಕೊಂಡು ಮನೆಗೆ ತಂದರು. ಮಾರಿದವರು ಅವರಿಗೆ ಗುರುತಿನ ಹಿರಿಯರು. ತಂದೆಯ ಕಾಲದ ಕೋವಿ, ಇಪ್ಪತ್ತು ವರ್ಷಗಳಲ್ಲಿ ಐವತ್ತು ಈಡು ಹೊಡೆದಿದ್ದರೆ ಹೆಚ್ಚು, ಮಿಕ್ಕಂತೆ ಕಪಾಟಿನಲ್ಲೇ ಇತ್ತು ಎಂದು ಅವರು ಹೇಳಿದ್ದರು. ನೋಡಲು ರೈಫಲ್ ಆ ಮಾತಿಗೆ ಒಪ್ಪುವಂತೆಯೇ ಇತ್ತು: ನಳಿಗೆ ಕಡುನೀಲಿಯಾಗಿ ಹೊಳೆಯುತ್ತಿತ್ತು, ಮರದ ಹಿಡಿಯ ಮೇಲೆ ಒಂದು ಗೀರೂ ಇರಲಿಲ್ಲ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಎಂಬ ಕೊಡವರ ಆಯುಧಪೂಜೆಯ ಹಬ್ಬಕ್ಕೆ ಅದನ್ನು ಪೂಜೆಗಿಟ್ಟು, ಅನಂತರ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಒಯ್ಯಬೇಕೆಂಬುದು ಅವರ ಆಸೆ. ಅದಕ್ಕೂ ಮೊದಲು ಒಮ್ಮೆ ನೋಡಿಕೊಡಿ ಎಂದು ನನ್ನನ್ನು ಕರೆದರು. ಸೇನೆಯಲ್ಲಿ ಆಯುಧಗಳನ್ನು ದುರಸ್ತಿ ಮಾಡುವ ಆರ್ಮರರ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ದುರಸ್ತಿ ಮಾಡಲು ಪರವಾನಗಿ ಬೇಕು, ಅದು ನನ್ನ ಬಳಿ ಇಲ್ಲ, ನೋಡಿ ಕಂಡದ್ದನ್ನು ಹೇಳುತ್ತೇನೆ ಎಂದು ಮೊದಲೇ ತಿಳಿಸಿ ಹೋದೆ.

ಆ ಮಧ್ಯಾಹ್ನ ನೋಡಿದ್ದನ್ನೂ ಅನಂತರದ ನಾಲ್ಕು ವಾರಗಳಲ್ಲಿ ನಡೆದದ್ದನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಕೋವಿ ಎಂಬುದು ಹುಟ್ಟಿಗೆ ಒಂದು, ಸಾವಿಗೆ ಎರಡು ಈಡಾಗಿ ಮನೆಯ ಬದುಕಿನೊಳಗೇ ಸೇರಿಕೊಂಡಿದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿ ಉಳ್ಳವರಿಗೂ ಬಂದೂಕು ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ, 2029ರವರೆಗೆ, ಮುಂದುವರಿದಿದೆ. ಪರಂಪರೆಯಾಗಿ ಬಂದ ವಸ್ತುವಾದ್ದರಿಂದಲೇ ಅದನ್ನು ಯಂತ್ರವೆಂದು ನೋಡುವುದು ಕಡಿಮೆ. ಮೂರು ತಲೆಮಾರು ದಾಟಿದ ರೈಫಲ್‌ಗಳು ಒಮ್ಮೆಯೂ ಬಲ್ಲವರ ಕೈಗೆ ಹೋಗದೆ ಉಳಿದಿರುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಈ ಪ್ರಕರಣವನ್ನು ಬರೆಯಲು ಅದೇ ಕಾರಣ.

ರೈಫಲ್‌ನ ಜಾತಿಯನ್ನು ಮೊದಲು ಹೇಳಬೇಕು, ಏಕೆಂದರೆ ಸವೆತ ಎಲ್ಲಿ ಬೀಳುತ್ತದೆ ಎಂಬುದು ಅದರ ರಚನೆಯ ಮೇಲೆ ನಿಂತಿದೆ. ಪಶ್ಚಿಮ ಬಂಗಾಳದ ಇಛಾಪುರ ರೈಫಲ್ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್‌ನ ಒಡಲು, ಎಂದರೆ ನಳಿಗೆ ಬಂದು ಸೇರುವ ಉಕ್ಕಿನ ನಡುಭಾಗ, ಹಳೆಯ ಲೀ–ಎನ್‌ಫೀಲ್ಡ್ ಮಾದರಿಯದು. ಸೇನೆಯ .303 ಬೋರ್ ಅನ್ನು ನಾಗರಿಕರಿಗೆ ಕೊಡದ ನೀತಿಯಿಂದಾಗಿ ಅದೇ ಒಡಲಿಗೆ ಬೇರೆ ತೋಟಾ ಹೊಂದಿಸಲಾಯಿತು. ಅದು ಆಸ್ಟ್ರಿಯಾ–ಹಂಗೇರಿ ಸೇನೆಯ 8×50 ಮ್ಯಾನ್‌ಲಿಚರ್ ತೋಟಾದ ವಂಶದ್ದು. 8 ಮಿಲಿಮೀಟರ್ ಅನ್ನು ಇಂಚಿನಲ್ಲಿ ಹೇಳಿದರೆ .315 ಆಗುತ್ತದೆ, ಹೆಸರು ಬಂದದ್ದು ಹಾಗೆ. ಈ ಮಾದರಿಯ ಎರಡು ಗುಣಗಳು ನಮ್ಮ ಪ್ರಕರಣಕ್ಕೆ ಮುಖ್ಯ. ಒಂದು, ತೋಟಾದ ಬುಡದಲ್ಲಿ ಹೊರಚಾಚಿದ ಅಂಚು ಇದೆ. ತೋಟಾ ಚೇಂಬರ್‌ನೊಳಗೆ, ಎಂದರೆ ನಳಿಗೆಯ ಹಿಂತುದಿಯಲ್ಲಿ ತಾನು ಕೂರುವ ಗೂಡಿನೊಳಗೆ, ಎಷ್ಟು ಮುಂದೆ ಹೋಗಬೇಕೆಂಬುದನ್ನು ನಿರ್ಧರಿಸುವುದು ಆ ಅಂಚೇ. ಇನ್ನೊಂದು, ತೋಟಾವನ್ನು ಒಳಗೆ ದೂಡಿ ಹಿಂದಿನಿಂದ ಮುಚ್ಚುವ ಉಕ್ಕಿನ ಸರಳಾದ ಬೋಲ್ಟ್ ಅನ್ನು ಹಿಡಿದು ನಿಲ್ಲಿಸುವ ಕಿವಿಗಳು ಅದರ ಹಿಂಭಾಗದಲ್ಲಿವೆ, ಮುಂದೆ ತೋಟಾಕ್ಕೆ ತಾಗುವ ಬೋಲ್ಟ್‌ತಲೆಯೋ ತಿರುಪಿನಿಂದ ಕೂರಿಸುವ ಬೇರೆಯೇ ತುಂಡು. ಕಿವಿಗಳು ಒಡಲಿನ ಆನಿಕೆಗಳ ಮೇಲೆ ಎರಡೂ ಕಡೆ ಸಮನಾಗಿ ಕೂರುವಂತೆ ಕಾರ್ಖಾನೆಯಲ್ಲಿ ಒಂದೊಂದೇ ರೈಫಲ್‌ಗೆ ಹೊಂದಿಸಿ, ಆಮೇಲೆ ಬೋಲ್ಟ್‌ಗೂ ಒಡಲಿಗೂ ಒಂದೇ ಸಂಖ್ಯೆ ಒತ್ತುತ್ತಾರೆ. ಒಂದರ ಬೋಲ್ಟ್ ಇನ್ನೊಂದರೊಳಗೆ ನುಸುಳುತ್ತದೆ, ತಿರುಗುತ್ತದೆ, ಮುಚ್ಚಿಕೊಳ್ಳುತ್ತದೆ. ಆದರೆ ಅದು ಹೊಂದಿದೆ ಎಂದು ಅಷ್ಟರಿಂದ ಹೇಳಲು ಬರುವುದಿಲ್ಲ.

ಅವರ ಮನೆಗೆ ಹೋದದ್ದು ಆಗಸ್ಟ್ ಮೊದಲ ವಾರದ ಭಾನುವಾರ. ಕಕ್ಕಡ ಎಂಬ ಕೊಡವ ತಿಂಗಳ ಮಳೆ ಬಿಡದೆ ಸುರಿಯುತ್ತಿತ್ತು. ಮೊದಲು ಕಾಗದ ಪತ್ರ ಕೇಳಿದೆ. ಇಬ್ಬರು ಪರವಾನಗಿದಾರರ ನಡುವೆ ಕೋವಿ ಕೈಬದಲಾಗುವಾಗ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಲಿಖಿತ ಮಾಹಿತಿ ಕೊಟ್ಟು 45 ದಿನ ಕಾಯಬೇಕೆಂಬ ನಿಯಮವನ್ನು ಅವರು ಪಾಲಿಸಿದ್ದರು. ಒಡಲಿನ ಬಲಬದಿಯ ಸಂಖ್ಯೆಯೂ ಪತ್ರದ ಸಂಖ್ಯೆಯೂ ಅಂಕೆ ಅಂಕೆಗೆ ಹೊಂದಿದವು. ಬೋಲ್ಟ್‌ನ ಸಂಖ್ಯೆ ನೋಡಿದ್ದೀರಾ ಎಂದು ಕೇಳಿದೆ. ಅದಕ್ಕೂ ಸಂಖ್ಯೆ ಇರುತ್ತದೆಯೇ ಎಂದು ಅವರು ಕೇಳಿದರು.

ರೈಫಲ್ ಖಾಲಿ ಇದೆ ಎಂದು ಯಾರೇ ಹೇಳಲಿ, ಕೈಗೆ ತೆಗೆದುಕೊಂಡವರು ತಾವೇ ನೋಡಬೇಕು. ಟ್ರಿಗರ್ ಗಾರ್ಡ್‌ನ ಒಳಗಿನ ಕೊಂಡಿ ಒತ್ತಿ ಮ್ಯಾಗಜಿನ್ ತೆಗೆದೆ, ಬೋಲ್ಟ್ ಹಿಂದಕ್ಕೆಳೆದು ಚೇಂಬರ್‌ಗೆ ಕಿರುಬೆರಳು ಹಾಕಿ ಸುತ್ತಲೂ ಮುಟ್ಟಿ ನೋಡಿದೆ, ಬಳಿಕ ಬೋಲ್ಟ್‌ತಲೆಯನ್ನು ಮೇಲಕ್ಕೆತ್ತಿ ಬಿಡಿಸಿ ಬೋಲ್ಟ್ ಅನ್ನೇ ಹೊರತೆಗೆದು ಮೇಜಿನ ಮೇಲೆ ಬೇರೆಯಾಗಿ ಇಟ್ಟೆ. ಮನೆಯಲ್ಲಿದ್ದ ತೋಟಾಗಳನ್ನು ಪಕ್ಕದ ಕೋಣೆಗೆ ಒಯ್ಯಲು ಹೇಳಿದೆ.

ಹೊರಮೈಯಿಂದ ಆರಂಭಿಸಿದೆ. ಬಳಕೆಯಲ್ಲಿದ್ದ ಕೋವಿಯ ನೀಲಿಬಣ್ಣ ಎಲ್ಲ ಕಡೆ ಸಮನಾಗಿ ಹೋಗುವುದಿಲ್ಲ. ಒಂದೇ ಕೈಯಲ್ಲಿ ಹಿಡಿದು ನಡೆಯುವ ತೂಕದ ಬಿಂದುವಿನಲ್ಲಿ, ಬೋಲ್ಟ್ ಹಿಡಿಯ ಗುಂಡಿನಲ್ಲಿ, ನಳಿಗೆಯ ತುದಿಯಲ್ಲಿ, ಗೋಡೆಗೆ ಒರಗಿಸುವ ಜಾಗದಲ್ಲಿ ಅದು ಮೊದಲು ಮಾಸುತ್ತದೆ. ಅಂಥ ಮಾಸಿದ ಕೋವಿಯನ್ನು ಕಂಡರೆ ನನಗೆ ಭಯವಿಲ್ಲ. ಬಹಳ ಹೊತ್ತಿದ್ದಾರೆ, ಕಡಿಮೆ ಹೊಡೆದಿದ್ದಾರೆ ಎಂದೇ ಹೆಚ್ಚು ಸಲ ಅದರ ಅರ್ಥ. ಇಲ್ಲಿಯೋ ಒಡಲಿನಲ್ಲೂ ನಳಿಗೆಯಲ್ಲೂ ಒಂದು ಕಡೆಯೂ ಮಾಸಿರಲಿಲ್ಲ. ಕಪಾಟಿನಲ್ಲೇ ಇದ್ದರೂ ವರ್ಷಕ್ಕೊಮ್ಮೆ ಹೊರತೆಗೆದು ಒರೆಸಿದ ಕೈಯ ಗುರುತಾದರೂ ಬೇಕಿತ್ತು. ಕನ್ನಡಕ ಬದಲಿಸಿ ಒಡಲಿನ ಮೇಲಿನ ಒತ್ತಚ್ಚುಗಳನ್ನು ನೋಡಿದೆ. ಉಕ್ಕಿನೊಳಗೆ ಒತ್ತಿದ ಅಕ್ಷರಕ್ಕೆ ಚೂಪು ಅಂಚು ಇರುತ್ತದೆ, ಉಗುರಿನಿಂದ ಎಳೆದರೆ ತಡೆಯುತ್ತದೆ. ಈ ಅಕ್ಷರಗಳ ಅಂಚು ಸಾಬೂನಿನ ಮೇಲಿನ ಹೆಸರಿನಂತೆ ಕರಗಿತ್ತು. ನಳಿಗೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ನೀಲಿಯ ಕೆಳಗೆ ಸಾಸಿವೆ ಚೆಲ್ಲಿದಂಥ ಸಣ್ಣ ಗುಳಿಗಳು ಕಂಡವು, ಮತ್ತು ಗುಳಿಗಳ ತಳದಲ್ಲಿಯೂ ನೀಲಿಯೇ ಇತ್ತು. ತುಕ್ಕು ಮೊದಲು, ಬಣ್ಣ ಆಮೇಲೆ. ಯಾರೋ ತುಕ್ಕನ್ನು ಉಜ್ಜಿ ತೆಗೆದು, ಹೊಳಪು ಕೊಟ್ಟು, ಹೊಸದಾಗಿ ಬಣ್ಣ ಹಾಕಿಸಿದ್ದರು.

ಅದು ತಪ್ಪಲ್ಲ. ಮಡಿಕೇರಿಯ ಸುತ್ತಮುತ್ತ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ ಉಕ್ಕಿಗೆ ಮರುಲೇಪ ಮಾಡಿಸುವುದು ವಿವೇಕವೇ ಸರಿ. ಆದರೆ ಮರುಲೇಪ ಮಾಡಿಸಿದ ರೈಫಲ್‌ನ ಹೊರಮೈ ಸಾಕ್ಷಿಯಾಗಿ ಉಳಿಯುವುದಿಲ್ಲ, ಅದು ಹೇಳಬೇಕಾದ ಹಳೆಯ ಕಥೆ ಅಳಿಸಿಹೋಗಿರುತ್ತದೆ. ಆ ಕ್ಷಣದಿಂದ ನಾನು ಹೊರಗಣ್ಣನ್ನು ಬಿಟ್ಟೆ. ಬಣ್ಣ ಹಾಕುವವನ ಕೈ ತಲುಪದ ಜಾಗಗಳನ್ನು ಹುಡುಕತೊಡಗಿದೆ.

ಅಂಥ ಮೊದಲ ಜಾಗ ಮರದ ಕೆಳಗಿನದು. ಮುಂದಿನ ಮರದ ಅಂಚಿನ ಕೆಳಗೆ, ನಳಿಗೆಯೂ ಮರವೂ ಕೂಡುವ ಗೆರೆಯಲ್ಲಿ ನೀರು ಇಳಿದು ನಿಲ್ಲುತ್ತದೆ, ಅಲ್ಲಿ ಬಟ್ಟೆ ಹೋಗುವುದಿಲ್ಲ. ತಿರುಪುಗಳ ಕಚ್ಚುಗಳು ಒಂದೆರಡು ಕಡೆ ಹಿಸಿದಿದ್ದವು, ಎಂದರೆ ಹೊಂದದ ತಿರುಪುಳಿಯಿಂದ ಯಾರೋ ಬಿಚ್ಚಿದ್ದರು. ಹೊಂದುವ ತಿರುಪುಳಿಯಿಂದ ನಾನು ಮರವನ್ನು ಇಳಿಸಿದಾಗ ನಳಿಗೆಯ ಹೊಟ್ಟೆಯ ಉದ್ದಕ್ಕೂ ಕಂದು ಪಟ್ಟಿ ಕಂಡಿತು. ಅಲ್ಲಿಯೂ ಬಣ್ಣ ಹಾಕಿದ್ದರು, ಆದರೆ ಅದಾದ ಮೇಲೆ ಹೊಸ ತುಕ್ಕು ಬಂದಿತ್ತು. ಬೆರಳಿನಿಂದ ಉಜ್ಜಿದರೆ ಕೆಂಪು ಪುಡಿ ಬರುತ್ತಿತ್ತು, ಅಡಿಯ ಗುಳಿಗಳು ಆಳವಿರಲಿಲ್ಲ. ಮರದೊಳಗೆ ರೈಫಲ್‌ನ ಒಡಲು ಹಿಂದಕ್ಕೆ ಒದ್ದು ಆನುವ ಎರಡು ಮೂಲೆಗಳನ್ನು ನೋಡಿದೆ. ಲೀ–ಎನ್‌ಫೀಲ್ಡ್ ಮಾದರಿಯಲ್ಲಿ ಪ್ರತಿಯೊಂದು ಈಡಿನ ಹೊಡೆತವನ್ನು ತಿನ್ನುವ ಜಾಗ ಅದು. ಎಣ್ಣೆ ಕುಡಿದು ಮೆತ್ತಗಾದ ಮರ ಅಲ್ಲಿ ಜಜ್ಜಿಹೋಗುತ್ತದೆ, ಒಣಗಿದ ಮರ ಸೀಳುತ್ತದೆ. ಎಡಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಒಂದು ಅಂಗುಲಕ್ಕೂ ಕಡಿಮೆ ಉದ್ದ. ಹೊರಗಿನ ವಾರ್ನಿಷ್ ಅದನ್ನು ಮುಚ್ಚಿತ್ತು. ಐವತ್ತು ಈಡಿನ ರೈಫಲ್‌ನಲ್ಲಿ ಈ ಮೂಲೆ ಇಷ್ಟು ಜಜ್ಜಿರಬಾರದು. ಲೆಕ್ಕ ತಪ್ಪುತ್ತಿದೆ ಎಂದು ಅಲ್ಲಿಯೇ ಬರೆದುಕೊಂಡೆ.

ನಳಿಗೆಯ ಒಳಗನ್ನು ನೋಡುವ ಮೊದಲು ಅದನ್ನು ತೊಳೆಯಬೇಕು. ಹಾಗೆಯೇ ಇಣುಕಿದರೆ ಎಣ್ಣೆಯ ತೆಳುಪದರವೇ ಕನ್ನಡಿಯಾಗಿ ಹೊಳೆದು ಮೋಸ ಮಾಡುತ್ತದೆ, ಇಲ್ಲವೇ ಮಸಿಯ ಕಲೆ ಗುಳಿಯಂತೆ ಕಂಡು ವೃಥಾ ಹೆದರಿಸುತ್ತದೆ. ದ್ರಾವಣದಲ್ಲಿ ನೆನೆಸಿದ ಬಿಳಿ ಬಟ್ಟೆಯ ಚೂರುಗಳನ್ನು ಚೇಂಬರ್ ಕಡೆಯಿಂದ ಒಂದೊಂದಾಗಿ ದೂಡಿದೆ. ಮೊದಲ ಮೂರು ಚೂರು ಕಪ್ಪಾಗಿ ಹೊರಬಂದವು, ಅದು ಮದ್ದಿನ ಮಸಿ. ಆಮೇಲಿನವು ನೀಲಿ ಮಿಶ್ರಿತ ಹಸಿರು, ಗುಂಡಿನ ಹೊದಿಕೆಯಿಂದ ಗೆರೆಗಳಿಗೆ ಮೆತ್ತಿದ ತಾಮ್ರ. ಅದು ಹೋಗಲು ಅರ್ಧ ಗಂಟೆ ಹಿಡಿಯಿತು. ಅಷ್ಟು ತಾಮ್ರ ಕೂರಲು ಈಡುಗಳು ಬೇಕು, ನಡುವೆ ಯಾರೂ ತೊಳೆಯದೆ ಇದ್ದಿರಲೂ ಬೇಕು. ಕೊನೆಗೆ ಬಂದವು ತೆಳು ಕಂದು, ಎಂದರೆ ತುಕ್ಕು.

ಬೋಲ್ಟ್ ಇದ್ದ ಜಾಗದಲ್ಲಿ ಬಿಳಿ ಕಾಗದದ ಚೂರನ್ನು ಓರೆಯಾಗಿ ಇಟ್ಟು, ಅದಕ್ಕೆ ಟಾರ್ಚ್ ಬಿಟ್ಟು, ನಳಿಗೆಯ ಬಾಯಿಂದ ನೋಡಿದೆ. ಸುರುಳಿ ಗೆರೆಗಳು ಸ್ಪಷ್ಟವಾಗಿಯೇ ಇದ್ದವು, ನಡುಭಾಗ ಒಳ್ಳೆಯದಿತ್ತು. ನಳಿಗೆ ಎಲ್ಲಾದರೂ ಒಳಗಿನಿಂದ ಉಬ್ಬಿದ್ದರೆ ಅಲ್ಲಿ ಕಪ್ಪು ಉಂಗುರದಂಥ ನೆರಳು ಕಾಣುತ್ತದೆ. ನಿಧಾನವಾಗಿ ತಿರುಗಿಸುತ್ತಾ ಎರಡೂ ತುದಿಗಳಿಂದ ನೋಡಿದೆ, ಅಂಥದ್ದೊಂದೂ ಇರಲಿಲ್ಲ. ಚೇಂಬರ್ ದಾಟಿ ಗೆರೆಗಳು ಶುರುವಾಗುವ ಜಾಗದಲ್ಲಿ ಲೋಹ ಮಂಜು ಕವಿದ ಗಾಜಿನಂತೆ ಮಸುಕಾಗಿತ್ತು. ಬಿಸಿ ಅನಿಲ ತಿಂದ ಗುರುತು ಅದು, ಬಳಸಿದ ಪ್ರತಿಯೊಂದು ರೈಫಲ್‌ನಲ್ಲೂ ಇರುತ್ತದೆ. ಎಷ್ಟಿದೆ ಎಂಬುದರಿಂದ ಈಡುಗಳ ಅಂದಾಜು ಸಿಗುತ್ತದೆಯೇ ಹೊರತು ಲೆಕ್ಕ ಸಿಗುವುದಿಲ್ಲ. ನನ್ನ ಅಂದಾಜಿನಲ್ಲಿ ಇದು ಐವತ್ತರ ರೈಫಲ್ ಅಲ್ಲ, ಐನೂರಕ್ಕಿಂತ ಹೆಚ್ಚಿನದು.

ಅಸಲು ಸವೆತ ಬಾಯಿಯಲ್ಲಿತ್ತು. ಮದ್ದಿಲ್ಲದ ಡಮ್ಮಿ ತೋಟಾದ ಗುಂಡಿನ ಮೂತಿಯನ್ನು ನಳಿಗೆಯ ಬಾಯಿಗೆ ಇಟ್ಟು ನೋಡಿದಾಗ ಅದು ಇರಬೇಕಾದ್ದಕ್ಕಿಂತ ಆಳಕ್ಕೆ ಇಳಿಯಿತು, ಮತ್ತು ನೇರವಾಗಿ ನಿಲ್ಲದೆ ಎಡಕ್ಕೆ ವಾಲಿತು. ಭೂತಗನ್ನಡಿಯಲ್ಲಿ ನೋಡಿದರೆ ಬಾಯಿ ವೃತ್ತವಾಗಿರಲಿಲ್ಲ, ಎಡಗೆಳಗಿನ ಕಡೆ ಉಜ್ಜಿ ಅಗಲವಾಗಿತ್ತು. ಈ ಬಗೆಯ ರೈಫಲ್ ತೊಳೆಯಲು ತಲೆಮಾರುಗಳಿಂದ ಬಳಸುತ್ತಿರುವುದು ತುದಿಗೆ ಹಿತ್ತಾಳೆಯ ತೂಕ ಕಟ್ಟಿದ ಹಗ್ಗ. ಹಗ್ಗವನ್ನು ನಳಿಗೆಗೆ ನೇರವಾಗಿ ಎಳೆಯದೆ, ನಿಂತವರು ತಮ್ಮ ಕಡೆಗೆ ಓರೆಯಾಗಿ ಎಳೆದರೆ, ಬಾವಿಯ ಕಟ್ಟೆಗಲ್ಲನ್ನು ಹಗ್ಗ ತಿಂದಂತೆ ನಳಿಗೆಯ ಬಾಯನ್ನು ತಿನ್ನುತ್ತದೆ. ದೂಳು ಅಂಟಿದ ಹಗ್ಗ ಅರವೇ ಆಗಿಬಿಡುತ್ತದೆ. ಗುಂಡು ಕೊನೆಯದಾಗಿ ಬಿಟ್ಟುಹೋಗುವ ಅಂಚು ಅದು. ಅಲ್ಲಿ ಒಂದು ಪಕ್ಕ ಮೊದಲು ತೆರೆದುಕೊಂಡರೆ ಹಿಂದಿನ ಅನಿಲ ಆ ಕಡೆಯಿಂದ ಚಿಮ್ಮಿ ಗುಂಡನ್ನು ಓರೆ ಮಾಡುತ್ತದೆ. ಹಾಗಾಗಿ ಈ ಸವೆತ ಗುರಿಯನ್ನು ಕೆಡಿಸುತ್ತದೆ, ಹೊಡೆಯುವವನನ್ನು ಗಾಯಗೊಳಿಸುವುದಿಲ್ಲ. ಬಾಯಿಯ ಒಳಗೆ ಅರ್ಧ ಅಂಗುಲದವರೆಗೆ ಒತ್ತಾಗಿ ತುಕ್ಕಿನ ಗುಳಿಗಳೂ ಇದ್ದವು, ಅದಕ್ಕಿಂತ ಒಳಗೆ ಇರಲಿಲ್ಲ. ತುದಿಯಲ್ಲಿ ಮಾತ್ರ ಏಕೆ ಎಂಬುದು ನನಗೆ ಆ ದಿನ ಹೊಳೆಯಲಿಲ್ಲ.

ಹಳೆಯ ತೋಟಾಗಳ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು. ತೋಟಾದ ಬುಡದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ, ಅದು ಸಿಡಿದಾಗ ನಳಿಗೆಯೊಳಗೆ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪು ಉಳಿಯುತ್ತದೆ. ಅದು ಅಡುಗೆ ಉಪ್ಪಿನಂತೆಯೇ ಗಾಳಿಯ ತೇವ ಹೀರುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಹಚ್ಚಿ ಇಟ್ಟೆವಲ್ಲ ಎಂದು ನೆಮ್ಮದಿಯಿಂದಿರುವ ಮನೆಯಲ್ಲಿ ಎಣ್ಣೆಯ ಕೆಳಗೇ ತುಕ್ಕು ಬೆಳೆಯುತ್ತಿರುತ್ತದೆ. ಉಪ್ಪು ಹೋಗುವುದು ನೀರಿನಿಂದ ಮಾತ್ರ. ಕುದಿಯುವ ನೀರನ್ನು ಚೇಂಬರ್ ಕಡೆಯಿಂದ ಹುಯ್ದು, ನಳಿಗೆ ತನ್ನ ಬಿಸಿಗೇ ಒಣಗಿದ ಮೇಲೆ ಎಣ್ಣೆ ಹಚ್ಚಬೇಕು. ಕೋವಿಗೆ ನೀರು ತಾಗಿಸಬಾರದೆಂದು ಕಲಿತವರಿಗೆ ಇದು ವಿಚಿತ್ರವೆನಿಸುತ್ತದೆ, ಆದರೆ ಹಳೆಯ ಸೈನಿಕರೆಲ್ಲ ಹಾಗೆಯೇ ಮಾಡುತ್ತಿದ್ದರು.

ಇನ್ನು ಬೋಲ್ಟ್. ಹಿಡಿಯ ಬುಡದಲ್ಲಿ ಸಂಖ್ಯೆ ಇತ್ತು, ಚೂಪಾಗಿ, ಕರಗದೆ. ಅದು ಒಡಲಿನ ಸಂಖ್ಯೆಯಾಗಿರಲಿಲ್ಲ. ಕೊನೆಯ ಎರಡು ಅಂಕೆಗಳು ಬೇರೆ. ಬಣ್ಣದ ಛಾಯೆಯೂ ಬೇರೆ: ಒಡಲು ಕಡುನೀಲಿ, ಬೋಲ್ಟ್ ವರ್ಷಗಳ ಕೈಬೆವರಿಗೆ ಮಾಸಿದ ಬೂದು. ಹೊರಮೈಯಲ್ಲಿ ನಾನು ಹುಡುಕಿ ಕಾಣದೆಹೋದ ಕೈಯ ಗುರುತು ಬೋಲ್ಟ್‌ನ ಗುಂಡಿನ ಮೇಲೆ ಬೇಕಾದಷ್ಟಿತ್ತು. ಒಂದು ರೈಫಲ್‌ನ ಸವೆತವೆಲ್ಲ ಒಂದೇ ಕಥೆಯನ್ನು ಹೇಳಬೇಕು. ಒಂದು ಭಾಗ ಬೇರೆ ಕಥೆ ಹೇಳುತ್ತಿದ್ದರೆ ಉಳಿದ ಪರೀಕ್ಷೆಯನ್ನು ನಿಲ್ಲಿಸಿ ಆ ಭಾಗದ ಮೇಲೆಯೇ ಕೂರಬೇಕು.

ಬೋಲ್ಟ್‌ತಲೆಯನ್ನು ತಿರುಪಿ ಕೊನೆಯವರೆಗೆ ಬಿಗಿದಾಗ ಅದು ಬೋಲ್ಟ್‌ನ ಬೆನ್ನೆಲುಬಿನ ಗೆರೆಗೆ ಹತ್ತಿರದಲ್ಲಿ ನಿಲ್ಲಬೇಕು. ಇದು ಗೆರೆಯನ್ನು ಸ್ಪಷ್ಟವಾಗಿ ದಾಟಿ ಮುಂದೆ ಹೋಯಿತು. ಅನಂತರ ಮನೆಯಲ್ಲಿದ್ದ ಸೀಮೆಎಣ್ಣೆ ಬುಡ್ಡಿಯನ್ನು ಹಚ್ಚಿಸಿ, ಬೋಲ್ಟ್‌ನ ಎರಡೂ ಕಿವಿಗಳ ಹಿಂಬದಿಯನ್ನು ಅದರ ಹೊಗೆಗೆ ಹಿಡಿದು ತೆಳುವಾಗಿ ಮಸಿ ಕೂರಿಸಿದೆ. ಮಸಿ ಕದಡದಂತೆ ಬೋಲ್ಟ್ ಅನ್ನು ಒಡಲಿನೊಳಗೆ ಸೇರಿಸಿ, ಡಮ್ಮಿ ತೋಟಾದ ಮೇಲೆ ಮುಚ್ಚಿ, ಹಿಂದಕ್ಕೆ ಒತ್ತಡ ಕೊಟ್ಟು, ತೆರೆದು, ಹೊರತೆಗೆದೆ. ಎಡಗಿವಿಯ ಮಸಿ ಒರೆಸಿಹೋಗಿ ಉಕ್ಕು ಹೊಳೆಯುತ್ತಿತ್ತು. ಬಲಗಡೆಯ ಉದ್ದ ಕಿವಿಯ ಮಸಿ ಹಚ್ಚಿದ ಹಾಗೆಯೇ ಮಖಮಲ್ಲಿನಂತೆ ಕೂತಿತ್ತು, ಒಂದು ಗೀರೂ ಬಿದ್ದಿರಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ. ಈಡಿನ ಅಷ್ಟೂ ಒತ್ತಡವನ್ನು ಎರಡರ ಬದಲು ಒಂದೇ ಕಿವಿ ಹೊರುತ್ತಿತ್ತು. ಬೆಳೆಗಾರರು ಪಕ್ಕದಲ್ಲೇ ನಿಂತಿದ್ದರು, ನಾನು ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ.

ಮಾರಿದವರು ತೋಟಾ ಲೆಕ್ಕಕ್ಕೆ ಬೇಕಾದೀತೆಂದು ಇಟ್ಟಿದ್ದ ಏಳು ಖಾಲಿ ತೋಟಾಗಳನ್ನೂ ಕೊಟ್ಟಿದ್ದರು. ರೈಫಲ್‌ಗಿಂತ ಹೆಚ್ಚು ನಿಜ ಹೇಳುವುದು ಅದರಿಂದ ಹೊರಬಂದ ಖಾಲಿ ತೋಟಾ ಎಂಬುದು ನನ್ನ ಅನುಭವ. ಬೋಲ್ಟ್‌ತಲೆಗೂ ನಳಿಗೆಯ ಹಿಂದಂಚಿಗೂ ನಡುವೆ ಅಂತರ ಹೆಚ್ಚಾದರೆ, ಸಿಡಿದ ಕ್ಷಣದಲ್ಲಿ ತೋಟಾದ ಮುಂಭಾಗ ಚೇಂಬರ್‌ನ ಗೋಡೆಗೆ ಕಚ್ಚಿಕೊಳ್ಳುತ್ತದೆ, ಬುಡ ಮಾತ್ರ ಹಿಂದಿನ ಖಾಲಿ ಜಾಗಕ್ಕೆ ಜಗ್ಗುತ್ತದೆ. ನಡುವೆ ಹಿತ್ತಾಳೆ ತೆಳ್ಳಗಾಗುತ್ತದೆ. ಹೊರಗೆ ಅದು ಅಂಚಿನಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರವಾಗಿ ಕಾಣುತ್ತದೆ. ಏಳರಲ್ಲಿ ಎರಡಕ್ಕೆ ಆ ಉಂಗುರವಿತ್ತು. ತೆಳುತಂತಿಯ ತುದಿಯನ್ನು ಕೊಕ್ಕೆಯಾಗಿ ಬಾಗಿಸಿ, ತೋಟಾದ ಒಳಗೆ ಬಿಟ್ಟು ಗೋಡೆಗೆ ಒತ್ತಿಕೊಂಡು ಮೇಲಕ್ಕೆಳೆದೆ. ಉಂಗುರವಿದ್ದ ಎರಡರಲ್ಲೂ ಅದೇ ಎತ್ತರದಲ್ಲಿ ತಂತಿ ಒಂದು ಸಣ್ಣ ಕಾಲುವೆಗೆ ಬಿದ್ದು ತಡೆಯಿತು. ಉಳಿದ ಐದರಲ್ಲಿ ನುಣ್ಣಗೆ ಜಾರಿತು. ಅದೇ ತಂತಿಯನ್ನು ಬೆಳೆಗಾರರ ಕೈಗೆ ಕೊಟ್ಟೆ. ಕಾಲುವೆ ಸಿಕ್ಕಿದಾಗ ಅವರ ಮುಖ ಬದಲಾಯಿತು. ಆ ಗೋಡೆ ಇನ್ನಷ್ಟು ತೆಳ್ಳಗಾಗಿದ್ದರೆ ತೋಟಾ ಎರಡು ತುಂಡಾಗಿ, ಅನಿಲ ಬೋಲ್ಟ್‌ನ ಸುತ್ತಿನಿಂದ ಹಿಂದಕ್ಕೆ, ಗುರಿಯಿಟ್ಟವನ ಕಣ್ಣಿನ ಕಡೆಗೆ ಬರುತ್ತಿತ್ತು.

ಮ್ಯಾಗಜಿನ್, ಟ್ರಿಗರ್, ಸೇಫ್ಟಿ, ತೋಟಾ ಹೊರಗೆಳೆಯುವ ಕೊಕ್ಕೆ ಎಲ್ಲವನ್ನೂ ನೋಡಿದೆ, ಹೇಳುವಂಥ ದೋಷವಿರಲಿಲ್ಲ. ಸಂಜೆ ನಾನು ಬರೆದುಕೊಟ್ಟದ್ದು ಇಷ್ಟು: ಬೋಲ್ಟ್ ಈ ರೈಫಲ್‌ನದಲ್ಲ, ಬೋಲ್ಟ್‌ತಲೆಗೂ ನಳಿಗೆಗೂ ನಡುವಿನ ಅಂತರವನ್ನು ಗೇಜ್ ಇಟ್ಟು ಅಳೆಯುವವರೆಗೆ ಒಂದು ಈಡೂ ಹೊಡೆಯಬಾರದು, ನಳಿಗೆಯ ಬಾಯಿ ಸವೆದಿದೆ, ಗುರಿ ಕೆಡುತ್ತದೆ, ಮರದ ಬಿರುಕು ಈಗ ಚಿಕ್ಕದು, ದುರಸ್ತಿಯಾಗಬೇಕು, ಮಿಕ್ಕದ್ದು ಮಳೆಗಾಲದ ತುಕ್ಕು. ಮಾರಿದವರು ಮೋಸ ಮಾಡಿದರೆಂದು ಬೆಳೆಗಾರರ ಮಗ ಸಿಟ್ಟಾದ. ನನಗೆ ಹಾಗೆ ಅನ್ನಿಸಲಿಲ್ಲ. ಮೋಸ ಮಾಡುವವನು ಖಾಲಿ ತೋಟಾಗಳನ್ನು ಜೊತೆಗೆ ಕೊಡುವುದಿಲ್ಲ.

ಮರುವಾರ ನಾವಿಬ್ಬರೂ ಆ ಹಿರಿಯರ ಮನೆಗೆ ಹೋದೆವು. ಬೋಲ್ಟ್‌ನ ಸಂಖ್ಯೆ ತೋರಿಸಿದಾಗ ಅವರು ಬಹಳ ಹೊತ್ತು ನೋಡುತ್ತಾ ಕೂತರು. ಆಮೇಲೆ ನಿಧಾನವಾಗಿ ಒಂದೊಂದೇ ನೆನಪಾಯಿತು. ಅವರ ತಂದೆಯೂ ಚಿಕ್ಕಪ್ಪನೂ ಒಂದೇ ಕಾಲದಲ್ಲಿ ಎರಡು .315ಗಳನ್ನು ಕೊಂಡಿದ್ದರು, ಸಂಖ್ಯೆಗಳು ಹತ್ತಿರ ಹತ್ತಿರ. ಮನೆಯಲ್ಲಿ ಮಕ್ಕಳಿದ್ದರೆಂದು ಬೋಲ್ಟ್‌ಗಳನ್ನು ಕಳಚಿ ಬೇರೆ ತಗಡಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತಿದ್ದರು. ಮೆಚ್ಚಬೇಕಾದ ಅಭ್ಯಾಸ. ಮನೆ ಪಾಲಾದಾಗ ರೈಫಲ್‌ಗಳು ಅವರವರ ಪಾಲಿಗೆ ಸರಿಯಾಗಿ ಹೋದವು, ಪೆಟ್ಟಿಗೆಯಿಂದ ಬೋಲ್ಟ್‌ಗಳನ್ನು ಎತ್ತಿಕೊಂಡವರು ಸಂಖ್ಯೆ ನೋಡಲಿಲ್ಲ. ಈಡುಗಳ ಲೆಕ್ಕವೂ ಆಗ ಬಿಡಿಸಿಕೊಂಡಿತು. ಇಪ್ಪತ್ತು ವರ್ಷಗಳಲ್ಲಿ ಐವತ್ತು ಎಂದು ಅವರು ಹೇಳಿದ್ದು ತಮ್ಮ ಕಾಲದ್ದು, ಅದು ಸತ್ಯವೇ. ತಂದೆ ಎಷ್ಟು ಹೊಡೆದಿದ್ದರೆಂದು ಅವರಿಗೆ ತಿಳಿದಿರಲಿಲ್ಲ, ನಾವೂ ಕೇಳಿರಲಿಲ್ಲ.

ಚಿಕ್ಕಪ್ಪನ ಮಗನ ಮನೆ ಎಂಟು ಮೈಲಿ ದೂರ. ಅಲ್ಲಿದ್ದ ರೈಫಲ್‌ನ ಬೋಲ್ಟ್ ಮೇಲೆ ನಮ್ಮ ಸಂಖ್ಯೆ ಇತ್ತು. ತೋಟಾ ಹಾಕಿ ಮುಚ್ಚುವಾಗ ಅದು ಬಿಗಿಯಾಗುತ್ತದೆ, ಅದಕ್ಕೇ ಎಣ್ಣೆ ಹೆಚ್ಚು ಹಾಕುತ್ತೇವೆ ಎಂದು ಅವರು ಹೇಳಿದರು. ಒಂದು ಮನೆಯಲ್ಲಿ ಸಡಿಲ, ಇನ್ನೊಂದು ಮನೆಯಲ್ಲಿ ಬಿಗಿ, ಎರಡಕ್ಕೂ ಕಾರಣ ಒಂದೇ. ಅಲ್ಲಿಯೇ ಅದಲು ಬದಲು ಮಾಡಿಕೊಳ್ಳೋಣ ಎಂದಾಗ ನಾನು ಬೇಡವೆಂದೆ. ಎರಡೂ ಮನೆಯವರು ಸಂಖ್ಯೆಗಳನ್ನು ನಮೂದಿಸಿ ಠಾಣೆಗೆ ಲಿಖಿತವಾಗಿ ತಿಳಿಸಿದರು, ಎರಡು ರೈಫಲ್‌ಗಳನ್ನೂ ಪರವಾನಗಿಯುಳ್ಳ ದುರಸ್ತಿಗಾರರೊಬ್ಬರಲ್ಲಿಗೆ ಒಯ್ದರು. ಅವರ ಮುಂದೆಯೇ ಬೋಲ್ಟ್‌ಗಳು ತಮ್ಮ ತಮ್ಮ ಒಡಲು ಸೇರಿದವು. ಮಸಿಯ ಪರೀಕ್ಷೆಯನ್ನು ಮತ್ತೆ ಮಾಡಿದೆವು. ಈ ಸಲ ಎರಡೂ ಕಿವಿಗಳ ಮಸಿ ಒರೆಸಿಹೋಗಿತ್ತು, ಬಲಗಡೆಯದು ಕೊಂಚ ಹೆಚ್ಚು. ಗೇಜ್ ಅಳತೆಯಲ್ಲಿ ಎರಡೂ ರೈಫಲ್‌ಗಳು ಮಿತಿಯೊಳಗೆ ನಿಂತವು. ಎಡಗಿವಿಯಲ್ಲಿ ಬಿರುಕು ಬಿದ್ದಿರಬಹುದೆಂಬ ನನ್ನ ಅನುಮಾನವನ್ನು ಅವರು ಬಣ್ಣದ ದ್ರವ ಹಚ್ಚಿ ಪರೀಕ್ಷಿಸಿ ಇಲ್ಲವೆಂದರು. ಮರದ ಬಿರುಕಿಗೂ ಅಂಟು ಹಾಕಿ ಬಿಗಿಸಿಕೊಟ್ಟರು. ನಳಿಗೆಯ ಬಾಯಿಯನ್ನು ಹೊಸದಾಗಿ ಕಡೆದು ಸರಿಪಡಿಸಬಹುದೆಂದೂ ಹೇಳಿದರು. ಮೊದಲು ಹೊಡೆದು ನೋಡೋಣ, ಆಮೇಲೆ ಲೋಹಕ್ಕೆ ಕೈ ಹಚ್ಚೋಣ ಎಂಬುದು ನನ್ನ ಅಭಿಪ್ರಾಯವಾಗಿತ್ತು, ಬೆಳೆಗಾರರು ಒಪ್ಪಿದರು.

ಆಗಸ್ಟ್ ಕೊನೆಯ ವಾರ ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ, ಅನುಮತಿಯುಳ್ಳ ಫೈರಿಂಗ್ ರೇಂಜ್‌ನಲ್ಲಿ 50 ಮೀಟರ್ ದೂರಕ್ಕೆ ಐದು ಈಡು ಹೊಡೆದರು. ಐದೂ ಗುಂಡುಗಳು ಒಂದು ಅಂಗೈ ಅಗಲದೊಳಗೆ ಬಿದ್ದವು, ಆದರೆ ಗುಂಪಾಗಿ ಅಲ್ಲ, ಓರೆಯಾಗಿ ಎಳೆದ ಗೆರೆಯಂತೆ. ಬಾಯಿಯ ಸವೆತ ಅಷ್ಟನ್ನು ಕಿತ್ತುಕೊಳ್ಳುತ್ತಿತ್ತು. ಐದು ಖಾಲಿ ತೋಟಾಗಳನ್ನೂ ಬಿಸಿ ಆರುವ ಮೊದಲೇ ಎತ್ತಿಕೊಂಡು ಬೆಳಕಿಗೆ ತಿರುಗಿಸಿ ನೋಡಿದೆ. ಉಂಗುರವಿರಲಿಲ್ಲ. ತಂತಿ ಐದರಲ್ಲೂ ನುಣ್ಣಗೆ ಜಾರಿತು. ಸ್ಪರ್ಧೆಯಲ್ಲಿ ತೆಂಗಿನಕಾಯಿಗೆ ಇದು ಸಾಕೆ ಎಂದು ಮಗ ಕೇಳಿದ. ಸಾಲದು ಎಂದೆ. ಸ್ಪರ್ಧೆ ಮುಂದಿನ ವರ್ಷಕ್ಕಿರಲಿ, ಮಳೆಗಾಲ ಮುಗಿದ ಮೇಲೆ ಬಾಯಿ ಕಡೆಸೋಣ ಎಂದು ತೀರ್ಮಾನವಾಯಿತು.

ಉಳಿದದ್ದು ಬಾಯಿಯೊಳಗಿನ ಅರ್ಧ ಅಂಗುಲದ ತುಕ್ಕು. ಅದರ ಉತ್ತರ ಸಿಕ್ಕಿದ್ದು ಸೆಪ್ಟೆಂಬರ್ 3ರ ಬೆಳಿಗ್ಗೆ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಕೋವಿಗಳನ್ನು ಸಾಲಾಗಿ ಇಟ್ಟಿದ್ದರು. ಬೇಲಿಯಿಂದ ಕುಯ್ದು ತಂದ ತೋಕ್ ಪೂ, ಎಂದರೆ ಕೋವಿ ಹೂವಿನ ದೇಟುಗಳನ್ನು ಮನೆಯ ಹುಡುಗಿ ಒಂದೊಂದು ನಳಿಗೆಯ ಬಾಯಿಗೂ ಸಿಗಿಸುತ್ತಿದ್ದಳು, ಮಳೆಹನಿ ಇನ್ನೂ ಆರದ ಕೆಂಪು ಹಳದಿ ಹೂಗಳು. ಹಳೆಯ ಮನೆಯಲ್ಲಿ ಹೂವು ತಾನಾಗಿ ಒಣಗಿ ಉದುರುವವರೆಗೆ ತೆಗೆಯುತ್ತಿರಲಿಲ್ಲವೆಂದು, ಹಬ್ಬಕ್ಕೆ ಬಂದಿದ್ದ ಆ ಹಿರಿಯರೇ ಹೇಳಿದರು. ಹಸಿ ದೇಟು ನಿಲ್ಲುವುದು ಬಾಯಿಂದ ಒಳಗೆ ಸುಮಾರು ಅರ್ಧ ಅಂಗುಲ. ನಾನು ಆ ರೈಫಲ್‌ನ ಬಾಯನ್ನು ಎಣ್ಣೆ ಬಟ್ಟೆಯಿಂದ ಒರೆಸಿ ಹುಡುಗಿಗೆ ತೋರಿಸಿದೆ. ಅವಳು ಹೂವಿನ ದೇಟನ್ನು ಬಾಳೆನಾರಿನಿಂದ ಮುಂದಿನ ಸೈಟಿನ ಬುಡಕ್ಕೆ ಹೊರಗಡೆಯೇ ಕಟ್ಟಿದಳು. ಪಕ್ಕದ ಕೋವಿಯ ಹೂವನ್ನೂ ತೆಗೆದು ಹಾಗೆಯೇ ಕಟ್ಟತೊಡಗಿದಳು.